ಕಿಟಕಿಯ ಮೇಲೊಂದು ಕುಚ್ಚಲಕ್ಕಿ ಚೀಲ

ಭಾನುವಾರ ರಾತ್ರಿ, ಉಡುಪಿ ಬಳಿಯ ಕಟಪಾಡಿ

ಅತ್ತೆ ಡಬ್ಬದಿಂದ ಎರಡು ಕಿಲೋ ಕುಚ್ಚಲಕ್ಕಿ ತೆಗೆದು ಕೊಟ್ಟರು. ಮಾವನ ಹಳೆ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಂದು ಬಾಯಿ ಹೊಲಿದು, ಅಕ್ಕಿ ಸುರಿದು, ಇನ್ನೊಂದು ಬಾಯಿಯನ್ನೂ ಹೊಲಿದೆ. ಪೂರ್ತಿ ತುಂಬಬಾರದು. ಮುಕ್ಕಾಲು ತುಂಬಿದರೆ ಚೀಲ ಕಾರಿನ ಕಿಟಕಿಯ ಮೇಲೆ ಒಳಗೂ ಹೊರಗೂ ಇಳಿಬಿದ್ದು ಗಟ್ಟಿಯಾಗಿ ಕೂರುತ್ತದೆ. ಅದರ ಮೇಲೆ ಲೆನ್ಸ್ ಒತ್ತಿಟ್ಟರೆ ಅಲ್ಲಾಡುವುದಿಲ್ಲ. ಅಂಗಡಿಯಲ್ಲಿ ಇಂಥದ್ದೇ ಬೀನ್ ಬ್ಯಾಗ್ ಸಿಗುತ್ತದೆ. ನನಗೆ ಈ ಅಕ್ಕಿ ಚೀಲವೇ ಸಾಕು. ಕುಚ್ಚಲಕ್ಕಿಯ ಕಾಳು ದಪ್ಪ, ಲೆನ್ಸಿನ ಕೆಳಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಈ ಸಲ ಕಾರಿನಿಂದ ಇಳಿಯದೆಯೇ ಹಕ್ಕಿಗಳ ಫೋಟೋ ತೆಗೆಯಬೇಕು. ಇದಕ್ಕೆಲ್ಲ ಕಾರಣ ಕಳೆದ ವರ್ಷದ ಚಳಿಗಾಲ. ಕಡಲ ಬದಿಯ ಕೋಡಿ ಬೆಂಗ್ರೆಯ ಮರಳಿನ ಮೇಲೆ ಎರಡು ದಿನ ನಡೆದು ನಾನೂರು ಫೋಟೋ ತೆಗೆದಿದ್ದೆ. ಮಂಗಳೂರಿಗೆ ಹೋಗಿ ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲವೂ ಹಕ್ಕಿಗಳ ಬೆನ್ನು. ಹಾರಿ ಹೋಗುತ್ತಿರುವ ಬೆನ್ನು. ನಾನು ಹತ್ತು ಹೆಜ್ಜೆ ಇಟ್ಟಾಗಲೆಲ್ಲ ಅವು ತಿನ್ನುವುದು ಬಿಟ್ಟು ಎದ್ದಿದ್ದವು. ಎಷ್ಟು ಸಲ ಎಬ್ಬಿಸಿದೆ ಅಂತ ಆ ಫೋಟೋಗಳಲ್ಲೇ ಲೆಕ್ಕ ಸಿಗುತ್ತಿತ್ತು. ಆ ಲೆಕ್ಕ ವರ್ಷವಿಡೀ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು.

ಹಾಗಾಗಿ ಈ ಜನವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಮಾವನ ಮನೆಗೆ ಬಂದೆ. ಮಾವ ಮೂವತ್ತು ವರ್ಷ ಟೂರಿಸ್ಟ್ ಕಾರು ಓಡಿಸಿದವರು. ಈಗ ಮನೆಯಲ್ಲಿ ಒಂದು ಹಳೆ ಆಲ್ಟೊ ಇದೆ.

"ಮಾವ, ನಾಲ್ಕು ದಿನವೂ ಕಾರಿನಿಂದ ಇಳಿಯುವ ಹಾಗಿಲ್ಲ. ಆಗ್ತದಾ?"

"ಎಂತ ಮಾರಾಯ್ತಿ, ನಾನು ಜೀವನ ಪೂರ್ತಿ ಇಳಿಯದೆ ಕೂತವನು. ನಿನಗೆ ಆಗ್ತದಾ ಕೇಳು."

ಸೋಮವಾರ, ಮಟ್ಟು

ಬೆಳಿಗ್ಗೆ ಆರೂವರೆಗೆ ಹೊರಟೆವು. ನಾನು ಕೂತದ್ದು ಹಿಂದಿನ ಸೀಟಿನ ಎಡಗಡೆ. ಇದಕ್ಕೊಂದು ಲೆಕ್ಕವಿದೆ. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕೆ, ಕಾರು ನಿಲ್ಲಿಸುವುದು ಎಡಕ್ಕೆ. ಒಬ್ಬರೇ ಓಡಿಸುತ್ತಾ ಫೋಟೋ ತೆಗೆಯುವವರಿಗೆ ಸಿಗುವುದು ರಸ್ತೆಯ ಆಚೆ ಬದಿಯ ಕಿಟಕಿ. ಹಕ್ಕಿ ಇರುವುದು ಈಚೆ ಬದಿಯ ಗದ್ದೆಯಲ್ಲಿ. ಓಡಿಸಲು ಇನ್ನೊಬ್ಬರಿದ್ದರೆ ಅರ್ಧ ಕೆಲಸ ಸುಲಭ.

ಮೊದಲ ಅರ್ಧ ಗಂಟೆ ಹಾಳಾಯಿತು. ಮಾವ ಅಭ್ಯಾಸದಂತೆ ಎಸಿ ಹಾಕಿದ್ದರು. ನಾನೂ ಗಮನಿಸಲಿಲ್ಲ. ಗದ್ದೆಯ ಹತ್ತಿರ ಗಾಜು ಇಳಿಸಿದ ಕೂಡಲೇ ಲೆನ್ಸಿನ ಮೇಲೆ ಮಂಜು ಕಟ್ಟಿತು. ಕರಾವಳಿಯ ಗಾಳಿಯಲ್ಲಿ ಅಷ್ಟು ನೀರಿರುತ್ತದೆ. ಒರೆಸಿದರೆ ಮತ್ತೆ ಕಟ್ಟುತ್ತದೆ, ಲೆನ್ಸ್ ಹೊರಗಿನ ಬಿಸಿಗೆ ಬರುವವರೆಗೆ ಸುಮ್ನೆ ಕಾಯಬೇಕು. ಮಂಜಿಲ್ಲದಿದ್ದರೂ ಎಸಿ ಒಳ್ಳೆಯದಲ್ಲ. ಕಿಟಕಿಯ ಬಾಯಲ್ಲಿ ತಂಪು ಗಾಳಿ, ಬಿಸಿ ಗಾಳಿ ಸೇರಿ ಚಿತ್ರ ನಡುಗಿದ ಹಾಗೆ ಬರುತ್ತದೆ. ಆಮೇಲೆ ನಾಲ್ಕು ದಿನ ಎಸಿ ಹಾಕಲಿಲ್ಲ, ಗಾಜು ಇಳಿಸಿಯೇ ತಿರುಗಿದೆವು.

ಮಟ್ಟುವಿನಲ್ಲಿ ಈಗ ಗುಳ್ಳದ ಕಾಲ. 2011ರಲ್ಲಿ ಜಿಐ, ಅಂದರೆ ಇದೇ ಊರಿನದು ಎಂಬ ಭೌಗೋಳಿಕ ಗುರುತು ಸಿಕ್ಕಿದ ಬದನೆ ಇದೇ ಮಣ್ಣಿನದು. ಒಂದು ಕಡೆ ಹಸಿರು ಗುಳ್ಳದ ಸಾಲು, ಇನ್ನೊಂದು ಕಡೆ ನೀರು ನಿಂತ ಗದ್ದೆ, ನಡುವೆ ಕಿರಿದಾದ ರಸ್ತೆ. ಗದ್ದೆಯ ಹುಣಿಯ ಮೇಲೆ ಒಂದು ಕೊಳದ ಬಕ ಕೂತಿತ್ತು.

ಇದು ನಮ್ಮಲ್ಲಿ ಮನೆಮನೆಯ ಹಿಂದೆ ಕಾಣುವ ಹಕ್ಕಿ, ಯಾರೂ ತಿರುಗಿಯೂ ನೋಡುವುದಿಲ್ಲ. ಕೂತಾಗ ಮಣ್ಣಿನ ಬಣ್ಣ, ಹಾರಿದಾಗ ಬಿಳಿ. ನನ್ನ ಹಳೆ ಫೋಟೋಗಳಲ್ಲೆಲ್ಲ ಅದು ಬಿಳಿಯೇ. ಏಕೆಂದರೆ ನನ್ನನ್ನು ಕಂಡು ಹಾರಿದ ಮೇಲೆ ತೆಗೆದದ್ದು.

ಮಾವ ಐವತ್ತು ಮೀಟರ್ ದೂರದಲ್ಲಿ ನಿಲ್ಲಿಸಿದರು. ಒಂದು ನಿಮಿಷ ಸುಮ್ಮನಿದ್ದರು. ಮತ್ತೆ ಹತ್ತು ಮೀಟರ್. ಮತ್ತೆ ಕಾದರು. ಕ್ಲಚ್ಚಿನ ಮೇಲೆ ಅವರ ಕಾಲು ಎಷ್ಟು ಹದವಾಗಿತ್ತೆಂದರೆ ಕಾರು ನಿಂತದ್ದು ನನಗೇ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಏಳೆಂಟು ಮೀಟರಿನಲ್ಲಿ ಎಂಜಿನ್ ಆಫ್ ಮಾಡಿದರು. ಎಂಜಿನ್ ನಡುಕ ಇದ್ದರೆ ಉದ್ದ ಲೆನ್ಸಿನಲ್ಲಿ ಏನೂ ಸ್ಪಷ್ಟವಾಗಿ ಬರುವುದಿಲ್ಲ. ಸದ್ದು ನಿಂತ ಕೂಡಲೇ ಬಕ ಕತ್ತೆತ್ತಿತು. ಸದ್ದಿಗಿಂತ ಸದ್ದು ನಿಂತದ್ದು ಅದಕ್ಕೆ ಹೊಸದು. ನಾನು ಉಸಿರು ಹಿಡಿದೆ. ಅರ್ಧ ನಿಮಿಷದಲ್ಲಿ ಅದು ನಮ್ಮನ್ನು ಮರೆತು ನೀರಿನ ಕಡೆ ತಿರುಗಿತು.

ಆಗ ಮೊದಲ ಸಲ ಅದರ ಕತ್ತಿನ ಮೇಲಿನ ಕಂದು ಗೆರೆಗಳನ್ನು ನೋಡಿದೆ. ಯಾರೋ ಒಣ ಹುಲ್ಲಿನಿಂದ ಎಳೆದಂತೆ ಒಂದೊಂದಾಗಿ ಇಳಿದಿದ್ದವು. ಕಣ್ಣು ಹಳದಿ. ಕೊಕ್ಕಿನ ತುದಿ ಕಪ್ಪು. ಅದು ಕತ್ತನ್ನು ಮುಂದೆ ಚಾಚತೊಡಗಿತು, ಗಡಿಯಾರದ ದೊಡ್ಡ ಮುಳ್ಳಿನ ಹಾಗೆ. ಚಲಿಸುವುದು ಕಾಣುವುದಿಲ್ಲ, ಚಲಿಸಿರುವುದು ಮಾತ್ರ ಕಾಣುತ್ತದೆ. ಮೈ ಇದ್ದಲ್ಲೇ ಇತ್ತು. ಕೊಕ್ಕಿನಿಂದ ನೀರಿಗೆ ಒಂದು ಗೇಣು ಉಳಿದಾಗ ಪೂರ್ತಿ ನಿಂತಿತು. ಆಮೇಲೆ ಏನಾಯಿತು ಅಂತ ಕಣ್ಣಿಗೆ ಕಾಣಲಿಲ್ಲ. ಕೊಕ್ಕಿನಲ್ಲಿ ಒಂದು ಸಣ್ಣ ಮೀನು ಒದ್ದಾಡುತ್ತಿತ್ತು.

"ಸಿಕ್ಕಿತಾ?" ಮಾವ ಪಿಸುಗುಟ್ಟಿದರು.

ಸಿಕ್ಕಿತ್ತು. ಸೆಕೆಂಡಿನ 1600ನೇ ಒಂದು ಭಾಗದ ಶಟರ್. ನೀರಿನ ಹನಿಗಳು ಗಾಳಿಯಲ್ಲಿ ನಿಂತಿದ್ದವು.

ಆಲ್ಟೊ ತಗ್ಗಿನ ಕಾರು. ಅದೂ ಒಳ್ಳೆಯದೇ ಆಯಿತು. ದೊಡ್ಡ ಗಾಡಿಯಿಂದ ತೆಗೆದರೆ ಹಕ್ಕಿಯ ತಲೆಯನ್ನು ಮೇಲಿನಿಂದ ನೋಡಿದಂತಿರುತ್ತದೆ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಹತ್ತಿರವಾದಷ್ಟೂ ಚಿತ್ರಕ್ಕೆ ಜೀವ ಬರುತ್ತದೆ.

ಗುಳ್ಳದ ಸಾಲಿನಲ್ಲಿ ಒಬ್ಬರು ಅಮ್ಮ ಬಗ್ಗಿ ಕಳೆ ಕೀಳುತ್ತಿದ್ದರು. ಅವರ ಹಿಂದೆ ಎರಡು ಮಾರು ದೂರದಲ್ಲಿ ನಾಲ್ಕು ಗೋವಕ್ಕಿಗಳು ಹುಳ ಹೆಕ್ಕುತ್ತಾ ನಡೆಯುತ್ತಿದ್ದವು. ಅವರಿಗೆ ಕಾರು ಬೇಕಾಗಿಲ್ಲ, ಲೆನ್ಸೂ ಬೇಕಾಗಿಲ್ಲ. ಬಿಳಿ ಹಕ್ಕಿಗೆ ಕ್ಯಾಮೆರಾದಲ್ಲಿ ಬೆಳಕು ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಕಡಿಮೆ ಇಡಬೇಕು, ಇಲ್ಲದಿದ್ದರೆ ರೆಕ್ಕೆ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ಹಾಗೆ ಇಟ್ಟು, ಅಮ್ಮನನ್ನು ಕೇಳಿ, ಅವರನ್ನೂ ಸೇರಿಸಿ ಒಂದು ತೆಗೆದೆ. ನಾಲ್ಕು ದಿನದಲ್ಲಿ ನನಗೆ ತುಂಬಾ ಇಷ್ಟವಾದ ಫೋಟೋಗಳಲ್ಲಿ ಅದೂ ಒಂದು.

ಒಂಬತ್ತೂವರೆಗೆ ಬಿಸಿಲು ಏರಿ ಗದ್ದೆಯ ಮೇಲೆ ಗಾಳಿ ನಡುಗತೊಡಗಿತು. ಮನೆಗೆ ಹೋಗಿ ನೀರುದೋಸೆ ತಿಂದೆವು. ಸಂಜೆ ಗದ್ದೆ ಮಿಂಚುಳ್ಳಿ, ಕಳ್ಳಿಪೀರ ಸಿಕ್ಕವು.

ಮಂಗಳವಾರ, ಕೋಡಿ ಬೆಂಗ್ರೆ

ಕೆಮ್ಮಣ್ಣು, ಹೂಡೆ ದಾಟಿ ತೆಂಕಿನಿಂದ ಬಡಗಿಗೆ ಹೋಗುವ ರಸ್ತೆ ಕೊನೆಕೊನೆಗೆ ಒಂದು ಪಟ್ಟಿಯಾಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ. ತುದಿಯಲ್ಲಿ ಸೀತಾ ಮತ್ತು ಸುವರ್ಣಾ ನದಿಗಳು ಒಟ್ಟಾಗಿ ಕಡಲು ಸೇರುವ ಅಳಿವೆ. ಆಚೆ ದಡದಲ್ಲಿ ಹಂಗಾರಕಟ್ಟೆ.

ಇಲ್ಲಿ ಬೆಳಕಿನ ಲೆಕ್ಕ ಸುಲಭ. ಬೆಳಿಗ್ಗೆ ಸೂರ್ಯ ಹೊಳೆಯ ಕಡೆಯಿಂದ ಬರುತ್ತಾನೆ, ಹಾಗಾಗಿ ಕಡಲಿನ ಕಡೆ ನೋಡಿ ತೆಗೆಯಬೇಕು. ಸಂಜೆ ತಿರುವುಮುರುವು. ಬೆಳಕಿನ ಜೊತೆ ಉಬ್ಬರ ಇಳಿತವನ್ನೂ ನೋಡಿಕೊಳ್ಳಬೇಕು. ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ನಾವು ಏಳು ಗಂಟೆಗೆ ಮುಟ್ಟಿದಾಗ ನೀರು ಇಳಿಯುತ್ತಿತ್ತು. ಒದ್ದೆ ಮರಳು ಅಂಗುಲ ಅಂಗುಲವಾಗಿ ತೆರೆದುಕೊಳ್ಳುತ್ತಿತ್ತು.

ರಸ್ತೆ ಮುಗಿಯುವಲ್ಲಿ ಸ್ವಲ್ಪ ಅಗಲ ಜಾಗವಿದೆ. ಮಾವ ಅಲ್ಲಿ ಕಾರನ್ನು ಅಡ್ಡಕ್ಕೆ ನಿಲ್ಲಿಸಿದರು. ಮೊದಲು ಬಂದದ್ದು ಗರುಡಗಳು. ಮೀನು ದೋಣಿಗಳ ಮೇಲೆ ಹದಿನೈದು ಇಪ್ಪತ್ತು ಸುತ್ತುತ್ತಿದ್ದವು. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ. ನೀರಿನ ಮೇಲೆ ತೇಲುವ ಮೀನನ್ನು ಕಾಲಲ್ಲಿ ಎತ್ತಿ, ಹಾರುತ್ತಲೇ ಬಗ್ಗಿ ತಿನ್ನುತ್ತವೆ. ಒಂದು ಸಲ ಬಿಳಿ ಹೊಟ್ಟೆಯ ಕಡಲ ಹದ್ದೂ ಮೇಲಿನಿಂದ ಹಾದುಹೋಯಿತು. ಅದರ ಗೂಡು ಎಲ್ಲಿದೆ ಅಂತ ನಮಗೆ ಗೊತ್ತಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಗೂಡಿನ ಜಾಗ ಒಬ್ಬರಿಗೆ ಹೇಳಿದರೆ ವಾರದಲ್ಲಿ ಇಪ್ಪತ್ತು ಜನ ಮರದ ಕೆಳಗೆ ನಿಂತಿರುತ್ತಾರೆ.

ನಾನು ಕಾಯುತ್ತಿದ್ದದ್ದು ಮರಳಿನ ಮೇಲಿನ ಸಣ್ಣ ಹಕ್ಕಿಗಳಿಗೆ. ಲೆಸ್ಸರ್ ಸ್ಯಾಂಡ್ ಪ್ಲವರ್. ಮೈನಾಗಿಂತ ಸಣ್ಣದು, ಮರಳಿನದೇ ಬಣ್ಣ, ಓಡಿ ನಿಂತು, ಓಡಿ ನಿಂತು ಹುಳ ಹೆಕ್ಕುವ ಹಕ್ಕಿ. ಹಿಮಾಲಯದಾಚೆ ಟಿಬೆಟ್ ಕಡೆಯ ಎತ್ತರದ ಜಾಗಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕಡಲ ದಂಡೆಗೆ ಇಳಿದು ಬರುತ್ತದೆ. ಬೇಸಿಗೆ ಶುರುವಾದ ಮೇಲೆ ಅದೇ ದಾರಿ ಹಿಂದೆ ಹಾರಬೇಕು. ಅದಕ್ಕೆ ಬೇಕಾದ ಕೊಬ್ಬನ್ನು ಇಲ್ಲೇ, ಇಳಿತದ ಈ ಕೆಲವು ಗಂಟೆಗಳಲ್ಲೇ ತಿಂದು ಕೂಡಿಹಾಕಬೇಕು. ನಾವು ಒಂದು ಸಲ ಎಬ್ಬಿಸಿದರೆ ತಿನ್ನುವ ಹೊತ್ತೂ ಹೋಯಿತು, ತಿಂದದ್ದೂ ಹಾರಾಟದಲ್ಲಿ ಕರಗಿತು.

ಎಂಟು ಗಂಟೆಯ ಹೊತ್ತಿಗೆ ನಲವತ್ತು ಐವತ್ತು ಹಕ್ಕಿಗಳು ನಮ್ಮ ಎದುರು ಹರಡಿಕೊಂಡವು. ಜೊತೆಗೆ ಕೆಂಟಿಷ್ ಪ್ಲವರ್ ನಾಲ್ಕೈದು. ದೂರದ ಮರಳು ದಿಬ್ಬದ ಮೇಲೆ ರೀವಗಳು ಮತ್ತು ಕಡಲಕ್ಕಿಗಳು, ಎಲ್ಲವೂ ಗಾಳಿಗೆ ಮುಖ ಮಾಡಿ. ಕಾರಿನೊಳಗೆ ನಾವಿಬ್ಬರೂ ಕಲ್ಲಿನ ಹಾಗೆ. ಹಿಂದಿನ ಸೀಟಿನಲ್ಲಿ ನಾನು ಕಾಲು ಬದಲಿಸಿದರೂ ಕಾರು ಅಲುಗುತ್ತದೆ, ಫೋಟೋ ಹೋಗುತ್ತದೆ. ಕೈ ಕಿಟಕಿಯಿಂದ ಹೊರಗೆ ಹಾಕಬಾರದು. ಹಕ್ಕಿಗೆ ಕಾರು ಅಂದರೆ ಒಂದು ದೊಡ್ಡ ಬಂಡೆ. ಆ ಬಂಡೆಗೆ ಕೈ ಬಂದರೆ ಅದು ಮನುಷ್ಯ.

ಆಗ ಬಂತು ಇನ್ನೊಂದು ಗಾಡಿ. ದೊಡ್ಡ ಜೀಪು, ದೂರದ ಊರಿನ ಹುಡುಗರು. ನಮ್ಮನ್ನು ದಾಟಿ ಸೀದಾ ಮರಳಿಗಿಳಿಸಿದರು. ಇಡೀ ಗುಂಪು ಒಟ್ಟಿಗೆ ಎದ್ದಿತು. ಕಡಲಿನ ಮೇಲೆ ಒಂದು ಸುತ್ತು ಹಾಕಿ ಇಳಿಯಲು ಬಂತು, ಜೀಪು ಇನ್ನೂ ತಿರುಗುತ್ತಿತ್ತು, ಮತ್ತೆ ಎದ್ದಿತು. ಮೂರು ಸಲ ಹಾಗೇ. ಮೂರನೇ ಸಲ ಅಳಿವೆ ದಾಟಿ ಆಚೆ ಹೋಯಿತು.

ನನಗೆ ಕಣ್ಣಲ್ಲಿ ನೀರು ಬಂತು. ಕಳೆದ ವರ್ಷ ನಾನು ಕಾಲಿನಿಂದ ಮಾಡಿದ್ದೂ ಇದನ್ನೇ ಅಲ್ವಾ.

ಮಾವ ಬಾಗಿಲು ತೆಗೆದು ಇಳಿದರು. ನಮ್ಮ ನಿಯಮ ಮುರಿದರು, ಆದರೆ ಎಬ್ಬಿಸಲು ಅಲ್ಲಿ ಹಕ್ಕಿಯೇ ಉಳಿದಿರಲಿಲ್ಲ. ಲುಂಗಿ ಎತ್ತಿ ಕಟ್ಟಿಕೊಂಡು ಜೀಪಿನ ಹತ್ತಿರ ಹೋದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಮಗಾ, ಮುಂದೆ ಮರಳು ಮೆದು ಉಂಟು. ಚಕ್ರ ಹೂತರೆ ಕ್ರೇನ್ ಬರಬೇಕು, ಅಷ್ಟರಲ್ಲಿ ಉಬ್ಬರ ಬರ್ತದೆ. ಗಾಡಿ ಮೇಲೆ ತನ್ನಿ. ಮೇಲಿಂದ ನೋಡಿದರೆ ಹಕ್ಕಿಯೂ ಕಾಣ್ತದೆ, ಗಾಡಿಯೂ ಉಳಿತದೆ."

ಹುಡುಗರು ಗಾಡಿ ಹಿಂದೆ ತೆಗೆದರು. ಒಬ್ಬ ನಮ್ಮ ಕಾರಿನ ಹತ್ತಿರ ಬಂದು ಕ್ಯಾಮೆರಾದ ಪರದೆ ನೋಡಿದ. ಪ್ಲವರಿನ ಒಂದು ಚಿತ್ರ ದೊಡ್ಡದು ಮಾಡಿ ತೋರಿಸಿದೆ. ಇಷ್ಟು ಸಣ್ಣ ಹಕ್ಕಿ ಹಿಮಾಲಯದಾಚೆಯಿಂದ ಬರುತ್ತದಾ ಅಂತ ಎರಡು ಸಲ ಕೇಳಿದ. ಆಮೇಲೆ ಅವರೂ ಗಾಡಿಯೊಳಗೆ ಕೂತು ಕಾದರು.

ಹಕ್ಕಿಗಳು ತಿರುಗಿ ಬರಲು ಇಪ್ಪತ್ತೈದು ನಿಮಿಷ ಬೇಕಾಯಿತು. ಐವತ್ತರಲ್ಲಿ ಮೂವತ್ತು ಬಂದವು.

ಕಾರಿನಿಂದ ಫೋಟೋ ತೆಗೆಯುವುದು ಅಂದರೆ ಕಾರನ್ನು ಎಲ್ಲಿಗಾದರೂ ನುಗ್ಗಿಸುವುದಲ್ಲ. ಮರಳು ಖಾಲಿ ಕಾಣುತ್ತದೆ, ಖಾಲಿ ಇರುವುದಿಲ್ಲ. ಏಡಿಯ ಬಿಲ ಇರುತ್ತದೆ. ಕಡಲಾಮೆಯ ಮೊಟ್ಟೆ ಇರಬಹುದು. ಟಾರು ಇರುವಲ್ಲಿಗೆ ಕಾರು ಸಾಕು. ಬಾಕಿ ದೂರವನ್ನು ಹಕ್ಕಿಯೇ ನಡೆದು ಬರಲಿ.

ಹಿಂತಿರುಗುವಾಗ ಹೊಳೆ ಬದಿಯ ಕಾಂಡ್ಲ ಗಿಡಗಳ ಹತ್ತಿರ ಹೆಮ್ಮಿಂಚುಳ್ಳಿ ಒಂದು ಕೂಗಿತು. ಕೆಂಪು ಕೊಕ್ಕು ಮಾತ್ರ ಎಲೆಗಳ ನಡುವೆ ಕಂಡಿತು. ಚಿತ್ರ ಬರಲಿಲ್ಲ.

ಬುಧವಾರ, ಹೆಬ್ರಿ ಮತ್ತು ಸೋಮೇಶ್ವರ

ಘಟ್ಟದ ಬುಡಕ್ಕೆ ಹೋದೆವು. ಸೋಮೇಶ್ವರ ವನ್ಯಜೀವಿಧಾಮ ಘೋಷಣೆಯಾದದ್ದು 1974ರಲ್ಲಿ. ಆಗ ಅದು 88 ಚದರ ಕಿಲೋಮೀಟರಿನಷ್ಟಿತ್ತು, ಆಮೇಲೆ ವಿಸ್ತರಿಸಿ 314 ದಾಟಿತು. ಹೆಬ್ರಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿ ಈ ಕಾಡಿನ ನಡುವೆಯೇ ಸಾಗುತ್ತದೆ.

ನಿಜ ಹೇಳಬೇಕೆಂದರೆ ಇಲ್ಲಿ ಕಾರು ಅಷ್ಟು ಉಪಯೋಗಕ್ಕೆ ಬರಲಿಲ್ಲ. ಬಯಲಿನಲ್ಲಿ ಹಕ್ಕಿ ಕಣ್ಣಿನ ಮಟ್ಟದಲ್ಲಿರುತ್ತದೆ. ಕಾಡಿನಲ್ಲಿ ಎಲ್ಲವೂ ನೆತ್ತಿಯ ಮೇಲೆ. ಕಿಟಕಿಯಿಂದ ಲೆನ್ಸ್ ಮೇಲೆತ್ತಿದರೆ ಕಾರಿನ ಮಾಡು ಅಡ್ಡ. ಅಕ್ಕಿ ಚೀಲ ಸೀಟಿನಲ್ಲೇ ಉಳಿಯಿತು. ಬೆಳಕೂ ಕಡಿಮೆ, ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒವನ್ನು 6400ಕ್ಕೆ ಏರಿಸಿದರೂ ಶಟರ್ ವೇಗ ಸಾಲುತ್ತಿರಲಿಲ್ಲ. ರಸ್ತೆ ಕಿರಿದು, ತಿರುವು ಜಾಸ್ತಿ. ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ, ನಿಲ್ಲಿಸಲೂಬಾರದು. ಮಾವ ಮೂವತ್ತರ ಮೇಲೆ ಹೋಗಲಿಲ್ಲ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಮುಂದೆ ಹೋದರು. ಒಂದು ಕಡೆ ಹಸಿರು ಹಾವೊಂದು ಚಕ್ರಕ್ಕೆ ಸಿಕ್ಕಿ ಡಾಂಬರಿಗೆ ಅಂಟಿಕೊಂಡಿತ್ತು.

ಆದರೂ ಒಂದು ಗೋಳಿಮರ ಎಲ್ಲವನ್ನೂ ಮರೆಸಿತು. ಸೀತಾನದಿಯ ಹತ್ತಿರ, ರಸ್ತೆ ಅಗಲವಾಗುವ ಜಾಗದಲ್ಲಿ. ಮರದ ತುಂಬಾ ಹಣ್ಣು. ಗಾಜು ಇಳಿಸಿದ ಕೂಡಲೇ ಮೇಲಿನಿಂದ ಸಿಪ್ಪೆ ಬೀಳುವ ಸದ್ದು. ಕೆಂದಳಿಲು ಒಂದು ಕೊಂಬೆಯ ಮೇಲೆ ಹೊಟ್ಟೆ ಅಂಟಿಸಿ ಮಲಗಿ, ಬಾಲವನ್ನು ಕೆಳಗೆ ಇಳಿಬಿಟ್ಟು ತಿನ್ನುತ್ತಿತ್ತು. ಆಮೇಲೆ ಮಂಗಟ್ಟೆಗಳು ಬಂದವು, ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಬೂದು ಬಣ್ಣದವು. ಬರುವ ಮೊದಲೇ ಅವುಗಳ ನಗು ಕೇಳಿತ್ತು. ಕೊಕ್ಕಿನ ತುದಿಯಲ್ಲಿ ಹಣ್ಣು ಕಿತ್ತು, ಮೇಲಕ್ಕೆ ಚಿಮ್ಮಿಸಿ, ಗಂಟಲಿಗೇ ಬೀಳಿಸಿಕೊಳ್ಳುತ್ತವೆ. ಅಷ್ಟು ದೊಡ್ಡ ಕೊಕ್ಕು, ಒಂದೂ ತಪ್ಪುವುದಿಲ್ಲ. ಭೀಮರಾಜ ಎರಡು ಪುಕ್ಕಗಳನ್ನು ಎಳೆದುಕೊಂಡು ನಡುವೆ ಹಾರಿ ಹೋಯಿತು. ಗಾಳಿಪಟದ ಬಾಲಂಗೋಚಿ ಅಂದುಕೊಳ್ಳಬೇಕು. ಫೋಟೋಗಳು ಮಬ್ಬು ಬಂದವು. ಇಟ್ಟುಕೊಂಡಿದ್ದೇನೆ.

ಮುಂದೆ ಘಟ್ಟದ ಬದಿಯಲ್ಲಿ ಒಂದು ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕೆಟ್ ಹಾಕುತ್ತಿದ್ದರು. ಮಂಗ ರಸ್ತೆಗೆ ಇಳಿದು ಕೂರಲು ಕಲಿಯುವುದು ಹೀಗೆ. ಮುಂದಿನ ತಿರುವಿನಲ್ಲಿ ಬರುವ ಲಾರಿಗೆ ಅದು ಕಾಣುವುದಿಲ್ಲ. ಈ ಕಾಡಿನಲ್ಲಿ ಸಿಂಗಳೀಕವೂ ಇದೆ, ಮರದ ಮೇಲೆಯೇ ಬದುಕುವ ಪ್ರಾಣಿ. ಅದಕ್ಕೂ ಬಿಸ್ಕೆಟ್ ರುಚಿ ಹತ್ತದಿರಲಿ.

ಗುರುವಾರ, ಮತ್ತೆ ಕೋಡಿ ಬೆಂಗ್ರೆ

ಬೆಳಿಗ್ಗೆ ಮನೆಯಲ್ಲೇ ಇದ್ದು ಲೆನ್ಸಿನ ಉಪ್ಪು ಒರೆಸಿದೆ. ಕಡಲ ಗಾಳಿಯ ಉಪ್ಪು ಕಾಣುವುದಿಲ್ಲ, ಬೆರಳಿಗೆ ಅಂಟಂಟಾಗಿ ಗೊತ್ತಾಗುತ್ತದೆ. ಮಧ್ಯಾಹ್ನದ ಮೇಲೆ ಹೊರಟೆವು. ಇವತ್ತು ರಾತ್ರಿ ಎಂಟು ಗಂಟೆ ಹತ್ತಿರ ಉಬ್ಬರ ತುಂಬುತ್ತದೆ. ನೀರು ಏರಿದಂತೆ ಹಕ್ಕಿಗಳಿಗೆ ತಿನ್ನುವ ಜಾಗ ಮುಗಿದು, ವಿಶ್ರಾಂತಿಗೆ ಒಣ ಮರಳಿಗೆ ಬರುತ್ತವೆ. ಅಲ್ಲಿ ಮೊದಲೇ ಹೋಗಿ ನಿಂತಿರಬೇಕು ಅನ್ನುವುದು ನನ್ನ ಲೆಕ್ಕ. ನಾವು ಹಕ್ಕಿಯ ಹತ್ತಿರ ಹೋಗುವುದು ಬೇರೆ, ನಾವಿದ್ದಲ್ಲಿಗೆ ಹಕ್ಕಿ ಬರುವುದು ಬೇರೆ.

ನಾಲ್ಕೂವರೆಗೆ ಅದೇ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆವು. ಫ್ಲಾಸ್ಕಿನ ಚಹಾ, ಅತ್ತೆ ಕಟ್ಟಿಕೊಟ್ಟ ಬನ್ಸ್. ಜನ ಕಡಿಮೆ ಇದ್ದರು. ಐದೂವರೆಗೆ ಮೊದಲ ಪ್ಲವರ್ ಒಣ ಮರಳಿಗೆ ಓಡಿ ಬಂತು. ಆಮೇಲೆ ಎರಡು, ಐದು, ಹನ್ನೆರಡು. ಬರುತ್ತಾ ನಿಲ್ಲುತ್ತಾ, ಕಾರಿನ ಕಡೆಯೇ.

ಆರು ಗಂಟೆಗೆ ಒಂದು ಹಕ್ಕಿ ಎಷ್ಟು ಹತ್ತಿರ ಬಂತೆಂದರೆ ಲೆನ್ಸ್ ಫೋಕಸ್ ಮಾಡಲಿಲ್ಲ. ಎರಡು ಮುಕ್ಕಾಲು ಮೀಟರಿಗಿಂತ ಹತ್ತಿರದ್ದು ನನ್ನ ಲೆನ್ಸಿಗೆ ಕಾಣುವುದಿಲ್ಲ. ಕ್ಯಾಮೆರಾ ಅಕ್ಕಿ ಚೀಲದ ಮೇಲೆ ಬಿಟ್ಟು ಬರಿಗಣ್ಣಿನಲ್ಲಿ ನೋಡಿದೆ. ಒಂದು ಕಾಲು ಮಡಚಿ ಹೊಟ್ಟೆಯ ಪುಕ್ಕದೊಳಗೆ ಸೇರಿಸಿತು. ಕೊಕ್ಕನ್ನು ಬೆನ್ನಿನ ಪುಕ್ಕಕ್ಕೆ ತೂರಿಸಿತು. ಕಣ್ಣು ಮುಚ್ಚಿತು, ತೆರೆಯಿತು, ಮುಚ್ಚಿತು. ಗಾಳಿ ಬಂದಾಗ ಎದೆಯ ಪುಕ್ಕ ಬಿಡಿಸಿಕೊಂಡು ಮತ್ತೆ ಕೂಡಿಕೊಳ್ಳುತ್ತಿತ್ತು. ಉಸಿರಾಡುವುದು ಕಾಣುತ್ತಿತ್ತು.

ಸೂರ್ಯ ಮುಳುಗಿದ. ಫೋಟೋಗೆ ಬೆಳಕು ಮುಗಿದಿತ್ತು. ಮಾವನ ಕೈ ಕೀಯ ಹತ್ತಿರ ಹೋಯಿತು, ಹಿಂದೆ ಬಂತು. ಕಾರಿನ ಎಡಗಡೆ, ಮುಂದೆ, ಇಪ್ಪತ್ತಕ್ಕಿಂತ ಜಾಸ್ತಿ ಹಕ್ಕಿ ಮಲಗಿದ್ದವು.

"ಈಗ ಸ್ಟಾರ್ಟ್ ಮಾಡಿದರೆ ಎಲ್ಲ ಏಳ್ತವೆ," ಅಂದರು.

"ಹೌದು ಮಾವ."

ಕತ್ತಲೆಯಲ್ಲಿ ಕೂತೆವು. ಅಳಿವೆಯಲ್ಲಿ ದೋಣಿಯೊಂದರ ದೀಪ ಹೋಯಿತು. ಸೊಳ್ಳೆ ಕಚ್ಚುತ್ತಿತ್ತು, ಹೊಡೆಯಲಿಲ್ಲ. ಮಾವನ ಫೋನ್ ಜೇಬಿನಲ್ಲಿ ನಡುಗಿತು. ಅಂಗಿಯ ಒಳಗೆ ಬೆಳಕು ಮುಚ್ಚಿಕೊಂಡು ಎತ್ತಿದರು.

"ತಡ ಆಗ್ತದೆ. ಇಲ್ಲ, ಕಾರು ಸರಿ ಉಂಟು. ಹಕ್ಕಿ ಮಲಗಿದೆ."

ಅತ್ತೆ ಏನೋ ಹೇಳಿದರು. ಮಾವ ಹೂಂ ಅಂದು ಇಟ್ಟರು.

ಏಳೂಕಾಲರ ಹೊತ್ತಿಗೆ ಒಂದು ಅಲೆ ಉಳಿದವುಗಳಿಗಿಂತ ಮೇಲೆ ಬಂತು. ಹತ್ತಿರದ ಹಕ್ಕಿ ಕಾಲು ಬಿಚ್ಚಿ ನಾಲ್ಕು ಹೆಜ್ಜೆ ಓಡಿ ನಿಂತಿತು. ಇನ್ನೊಂದು ಅಲೆ. ಒಂದೊಂದಾಗಿ ಎಲ್ಲವೂ ಎದ್ದು, ಹಾರದೆ, ದಂಡೆಯ ಉದ್ದಕ್ಕೂ ತೆಂಕು ಬದಿಗೆ ನಡೆದವು. ನಕ್ಷತ್ರದ ಬೆಳಕಿನಲ್ಲಿ ಮರಳೇ ಸರಿಯುತ್ತಿರುವಂತೆ ಕಾಣುತ್ತಿತ್ತು. ಕೊನೆಯದು ಬಂಪರಿನ ಮುಂದಿನಿಂದ ದಾಟಿ ಹೋಗುವವರೆಗೆ ಮಾವ ಕಾದರು. ಮತ್ತೂ ಐದು ನಿಮಿಷ ಕಾದರು. ಆಮೇಲೆ ಕೀ ತಿರುಗಿಸಿ, ಹೆಡ್‌ಲೈಟ್ ಹಾಕದೆ ರಸ್ತೆಯಲ್ಲಿ ಸ್ವಲ್ಪ ದೂರ ಹಿಂದೆ ತಂದು, ಅತ್ತೆಗೆ ಫೋನ್ ಮಾಡಿದರು.

"ಹೊರಟೆವು. ಗಂಜಿ ಬಿಸಿ ಮಾಡು."